ಹೀರೆಹೊಲದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಸಿಪ್ಪೆಯಷ್ಟು ಗಟ್ಟಿ, ಬಣ್ಣವೂ ಹೆಚ್ಚುಕಡಿಮೆ ಅದೇ. ಉಳಿದ ಒಂಬತ್ತು ಉಗುರುಗಳನ್ನು ಮಟ್ಟಸವಾಗಿ ಕತ್ತರಿಸಿಕೊಳ್ಳುತ್ತಿದ್ದಳು. ಇದೊಂದನ್ನು ಮಾತ್ರ ಬೆಳೆಯಬಿಟ್ಟು, ಒರಳುಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ಸಣ್ಣ ಕುಡುಗೋಲಿನ ಹಾಗೆ ಬಾಗಿಸಿದ್ದಳು. ಹತ್ತಿಮೊಗ್ಗಿನ ಬುಡಕ್ಕೆ ಆ ಉಗುರನ್ನಿಟ್ಟು ಒಂದು ಸುತ್ತು ತಿರುಗಿಸಿದಳೆಂದರೆ ಎಸಳೂ ಅದರೊಳಗಿನ ಗಂಡುಭಾಗವೂ ಟೋಪಿ ತೆಗೆದಂತೆ ಒಟ್ಟಿಗೆ ಕಳಚಿ ಬರುತ್ತಿದ್ದವು. ನಡುವಿನ ಹೆಣ್ಣುಕಡ್ಡಿ ಒಂದಿಷ್ಟೂ ನಲುಗದೆ ನಿಂತಿರುತ್ತಿತ್ತು. "ಕಣ್ಣು ಕಟ್ಟಿ ಬಿಡ್ರಿ, ನನ್ನ ಉಗುರು ದಾರಿ ತಪ್ಪಂಗಿಲ್ಲ" ಎನ್ನುತ್ತಿದ್ದಳು.

ಮಕ್ಕಳೇ, ಹೋದ ವಾರ ನೀವು ರಾಯಚೂರಿನಿಂದ ಫೋನಿನಲ್ಲಿ ನಿಮ್ಮ ವಿಜ್ಞಾನ ಪುಸ್ತಕದ ಹೂವಿನ ಚಿತ್ರ ತೋರಿಸಿ, "ಅಜ್ಜಿ, ಶಲಾಕಾಗ್ರ ಅಂದ್ರ ಏನು ಗೊತ್ತೈತೇನ?" ಎಂದು ಕೇಳಿದಿರಿ. ನಾನು ನಕ್ಕು ಸುಮ್ಮನಾದೆ. ಗೊತ್ತಿಲ್ಲವೆಂದುಕೊಂಡು ನೀವು ಪುಟ ತಿರುಗಿಸಿದಿರಿ. ಎದುರಿಗೆ ಹೇಳುವುದಕ್ಕೆ ನನಗೆ ಸುಲಭಕ್ಕೆ ಬಾಯಿ ಬರುವುದಿಲ್ಲ. ಮಕ್ತಲ ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ ಕಲಿತವಳು ನಾನು. ಬರೆಯುವುದಾದರೆ ಬರೆಯಬಲ್ಲೆ. ನಿಮ್ಮ ಪುಸ್ತಕ ಶಲಾಕಾಗ್ರ ಎನ್ನುವುದನ್ನು ಅಕ್ಕ 'ಬಾಯಿ' ಎನ್ನುತ್ತಿದ್ದಳು. ಹೀರೆಹೂವಿನ ಆ ಬಾಯಿಯ ದೆಸೆಯಿಂದ ನಾನು ಒಮ್ಮೆ ಊರು ಬಿಡುವುದರಲ್ಲಿದ್ದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಒಂದು ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ. ನಿಮ್ಮವ್ವನ ಮದುವೆಯಾಗಿತ್ತು, ಮನೆಯಲ್ಲಿ ನಾನೊಬ್ಬಳೇ. ಅಕ್ಕ ನಮ್ಮ ಓಣಿಯ ಕೊನೆಯ ಮನೆಯವಳು, ಕುರುಬರ ಹೆಣ್ಣುಮಗಳು. ಗಂಡ ಆರು ತಿಂಗಳು ಕುರಿಯ ಹಿಂದೆ, ಆರು ತಿಂಗಳು ಮನೆಯಲ್ಲಿ. ಹಣೆಯ ತುಂಬ ಮೈಲಾರನ ಭಂಡಾರ ಹಚ್ಚಿಕೊಂಡು, ಮಲ್ದಕಲ್ ಸುತ್ತಲಿನ ಬೀಜದ ಹೊಲಗಳಿಗೆ ಹದಿನೈದು ಹೆಂಗಸರ ಗುಂಪು ಕಟ್ಟಿ ನಡೆಸುತ್ತಿದ್ದಳು. ಎಣಿಕೆ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ, ಹೊಲದ ಯಜಮಾನರ ಜೊತೆ ವಾದ ಅರ್ಧ ಉರ್ದುವಿನಲ್ಲಿ. ಒಂದು ಬೆಳಿಗ್ಗೆ ನೇರ ನನ್ನ ಮನೆಯೊಳಗೆ ಬಂದು ನಿಂತಳು.

"ಏಳಬೇ. ನೀ ನೋಡಿ ನೋಡಿ ಗ್ವಾಡಿ ಸವದು ಹೋತು. ಬುತ್ತಿ ಕಟ್ಟು."

ಆ ವರ್ಷ ಹತ್ತಿಯ ಕ್ರಾಸಿಂಗಿನಲ್ಲಿ ನಾನು ಅವಳ ಹಿಂದೆ ಹಿಂದೆ ನಡೆದೆ. ಸಂಜೆ ಮೊಗ್ಗು ಬಿಡಿಸುವುದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಗಂಡುಪುಡಿ ತಂದು ಹಚ್ಚುವುದು. ಹದಿನೈದು ಹೆಂಗಸರ ನಡುವೆ ಒಂದು ಮಾತೂ ಆಡದೆ ದಿನ ಕಳೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನನಗೆ ಅದಕ್ಕಿಂತ ಹೆಚ್ಚಿನ ಸುಖ ಬೇಕಿರಲಿಲ್ಲ.

ಮರುವರ್ಷ ಒಬ್ಬ ಯಜಮಾನರು ಹತ್ತಿ ಬಿಟ್ಟು ಹೀರೆಯ ಬೀಜಕ್ಕೆ ಒಪ್ಪಿಕೊಂಡರು. ನಮ್ಮ ಗುಂಪಿನ ಯಾರೂ ಹೀರೆಯ ಕ್ರಾಸಿಂಗ್ ಮಾಡಿದವರಲ್ಲ. ಬೀಜದ ಕಂಪನಿಯ ಸಾರ್ ಬಂದು ನಮ್ಮನ್ನು ಚಪ್ಪರದ ಕೆಳಗೆ ನಿಲ್ಲಿಸಿಕೊಂಡು ತೋರಿಸಿದರು. ಹತ್ತಿಯ ಒಂದೇ ಹೂವಿನಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ. ಹೀರೆಯಲ್ಲಿ ಹಾಗಲ್ಲ, ಬಳ್ಳಿ ಒಂದೇ, ಹೂವು ಬೇರೆ ಬೇರೆ. ಗಂಡುಹೂವು ಉದ್ದನೆಯ ಕಡ್ಡಿಗೆ ಹತ್ತು ಹದಿನೈದು ಗೊಂಚಲಾಗಿ ಬರುತ್ತವೆ. ಹೆಣ್ಣುಹೂವು ಎಲೆಯ ಕಂಕುಳಲ್ಲಿ ಒಂದೇ ಒಂದು, ಎಸಳಿನ ಕೆಳಗೆ ಕಿರುಬೆರಳಿನಷ್ಟು ಎಳೆಗಾಯಿ ಆಗಲೇ ಇರುತ್ತದೆ.

ಗುಂಪಿನಲ್ಲಿ ಬಾಯಿ ಜೋರಿನ ಒಬ್ಬಳಿದ್ದಳು, ಗದ್ವಾಲದ ಮಗ್ಗದವರ ಮಗಳು. ಅವಳು ಸುಮ್ಮನಿರಲಿಲ್ಲ.

"ಸಾರ್, ಗಂಡಸ್ರು ಎಲ್ಲ ಕಡಿಗೂ ಹಿಂಗ ನೋಡ್ರಿ. ಕಟ್ಟಿ ಮ್ಯಾಲ ಗುಂಪು ಕೂಡಿ ಕುಂತಾರ. ಹೆಣ್ಣು ಪಾಪ, ಒಬ್ಬಾಕೇ ಬಗಲಾಗ ಕೂಸು ಹೊತ್ಕೊಂಡು ನಿಂತಾಳ."

"ಮದುವಿಗಿಂತ ಮೊದ್ಲ ಕೂಸು ಐತಲ್ಲಬೇ!" ಎಂದಳು ಇನ್ನೊಬ್ಬಳು.

"ಅದಕ್ಕ ಜಲ್ದಿ ಮದುವಿ ಮಾಡ್ರಿ ಅನ್ನಾಕ ಹತ್ಯಾರ ಸಾರು!"

ಸಾರ್ ಅವರ ಕಿವಿ ಕೆಂಪಾಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಸೆರಗಿನೊಳಗೆ ನಕ್ಕೆ. ಆ ನಗುವೇ ನನಗೆ ಮುಳುವಾಯಿತು. ಬೇವಿನ ನೆರಳಿನಲ್ಲಿ ಮಂಚದ ಮೇಲೆ ಕುಳಿತಿದ್ದ ಯಜಮಾನರ ತಾಯಿ, ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದವರು, ಕೈ ಎತ್ತಿ ನಗು ನಿಲ್ಲಿಸಿ, ನನ್ನ ಕಡೆ ಬೆರಳು ಮಾಡಿ ಅಕ್ಕನಿಗೆ ಹೇಳಿದರು.

"ಮದುವಿ ಅಂದ್ರೇನು? ಹಂಗಾರ ಗಂಡ ಸತ್ತಾಕಿ ಅದಕ್ಕ ಕೈ ಹಚ್ಚಬಾರ್ದು. ಆಕಿನ್ನ ಮನಿಗೆ ಕಳಿಸು."

ಹತ್ತಿಯ ಹೊಲದಲ್ಲಿ ಯಾರಿಗೂ ಈ ವಿಚಾರ ಬಂದಿರಲಿಲ್ಲ. ಅಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿ ಇದ್ದವು, ಮದುವೆಯ ಮಾತೇ ಇರಲಿಲ್ಲ. ಇಲ್ಲಿ ತಮಾಷೆಗೆ ಹುಟ್ಟಿದ ಒಂದು ಪದ ಶಾಸ್ತ್ರವಾಗಿ ಕುಳಿತುಬಿಟ್ಟಿತು. ನಾನು ಬುತ್ತಿಯ ಗಂಟು ಎತ್ತಿಕೊಂಡೆ.

"ಇಡು ಕೆಳಗ" ಎಂದಳು ಅಕ್ಕ. ಆಮೇಲೆ ಮಂಚದ ಕಡೆ ತಿರುಗಿ, "ದೊಡ್ಡವ್ವ, ಯಾರ ಕೊಳ್ಳಾಗ ತಾಳಿ ಐತಿ, ಯಾರಿಗಿಲ್ಲ ಅಂತ ಹೂವು ನೋಡಾಕ ಬರ್ತೈತೇನ್ರಿ?"

"ಹೂವು ನೋಡಂಗಿಲ್ಲ. ದೇವ್ರು ನೋಡ್ತಾನ."

"ನೋಡ್ಲಿ. ಆಕಿ ನನ್ನ ಜೋಡಿ ಇರ್ತಾಳ. ಜಿಮ್ಮೇದಾರಿ ನಂದು."

ದೊಡ್ಡವ್ವ ಎಲೆಯಡಿಕೆ ಉಗಿದರು. "ಆಗ್ಲಿ. ಆದ್ರ ಆಕಿ ಮುಟ್ಟಿದ ಹೆಣ್ಣುಹೂವು ಉದುರಿದ್ರ ಆಕಿ ಈ ಹೊಲದಾಗಿರಂಗಿಲ್ಲ. ಯಾವ ಹೊಲದಾಗೂ ಇರಂಗಿಲ್ಲ. ಮಲ್ದಕಲ್‌ದಿಂದ ಗದ್ವಾಲ ಮಟ ನಾ ಹೇಳಿ ಕಳಿಸ್ತೀನಿ."

ಹೇಳಿ ಕಳಿಸಬಲ್ಲವರೇ ಅವರು. ಬೀಜದ ಹೊಲಗಳವರೆಲ್ಲ ಒಬ್ಬರಿಗೊಬ್ಬರು ನೆಂಟರು. ಅಪಶಕುನದವಳೆಂದು ಒಂದು ಹೊಲದಿಂದ ಹೊರಬಿದ್ದರೆ ಇನ್ನೊಂದು ಹೊಲದ ಬದು ಹತ್ತುವ ಹಾಗಿರಲಿಲ್ಲ. ನಾನು ಮತ್ತೆ ಆ ಗೋಡೆಯ ಮುಂದೆ ಕೂರಬೇಕಿತ್ತು, ಇಲ್ಲವೇ ಈ ವಯಸ್ಸಿನಲ್ಲಿ ಮಕ್ತಲದ ತಮ್ಮನ ಮನೆ ಸೇರಬೇಕಿತ್ತು.

ಹೀರೆಯ ಹೂವು ಬೆಳಿಗ್ಗೆ ಅರಳುವುದಿಲ್ಲ ಮಕ್ಕಳೇ. ಹೊತ್ತು ಇಳಿಯುವಾಗ ಅರಳುತ್ತದೆ. ಅದರ ಬೆನ್ನಿಗೇ ಪತಂಗಗಳು ಬರುತ್ತವೆ. ನಾವು ಅವಕ್ಕಿಂತ ಮುಂಚೆ ಕೆಲಸ ಮುಗಿಸಬೇಕು. ಹಗಲೆಲ್ಲ ಹೆಣ್ಣುಸಾಲಿನ, ಎಂದರೆ ಬೀಜಕ್ಕೆ ಬಿಟ್ಟ ಸಾಲಿನ, ಬಳ್ಳಿಗಳಿಂದ ಗಂಡುಗೊಂಚಲುಗಳನ್ನು ಚಿವುಟಿ ಎಸೆಯುವುದು. ಮಧ್ಯಾಹ್ನದ ಮೇಲೆ, ಆ ಸಂಜೆ ಅರಳುವ ಹೆಣ್ಣುಮೊಗ್ಗು ಗುರುತಿಸಿ ಕಾಗದದ ಟೊಪ್ಪಿಗೆ ಹಾಕುವುದು. ಹೊತ್ತು ಕೆಂಪಾಗುತ್ತಲೇ ಪುಡಿಗೆಂದೇ ಬೆಳೆಸಿದ ಗಂಡುಸಾಲಿನಿಂದ ಹೂವು ಕಿತ್ತು ತಂದು, ಎಸಳು ಹಿಂದಕ್ಕೆ ಮಡಿಚಿ, ಹಳದಿ ಪುಡಿಯನ್ನು ಹೆಣ್ಣುಹೂವಿನ ಬಾಯಿಗೆ ಮೆಲ್ಲಗೆ ಸವರುವುದು. ಆ ಬಾಯಿ ಮೂರು ಹಾಲೆಯದು, ಸ್ವಲ್ಪ ಅಂಟು. ಸವರಿ, ಮತ್ತೆ ಟೊಪ್ಪಿಗೆ ಹಾಕಿ, ತೊಟ್ಟಿಗೆ ದಾರ ಕಟ್ಟುವುದು. ದಾರವೆಂದರೆ ಮಗ್ಗದವರ ಮಗಳು ಮನೆಯಿಂದ ತರುತ್ತಿದ್ದ ಸೀರೆಯ ತುಂಡುನೂಲು. ಇಷ್ಟಕ್ಕೂ ಒಂದು ಗಂಟೆಯ ಬೆಳಕು. ಅದಕ್ಕೇ ಇಬ್ಬಿಬ್ಬರ ಜೋಡಿ. ಮುಂದಿನವಳು ಟೊಪ್ಪಿಗೆ ತೆಗೆದು ಎಸಳು ಬಿಡಿಸುತ್ತ ಹೋಗುವುದು, ಹಿಂದಿನವಳು ಸವರಿ ಕಟ್ಟುತ್ತ ಬರುವುದು. ಅಕ್ಕ ಮುಂದೆ, ನಾನು ಹಿಂದೆ.

ಮೊದಲ ಸಂಜೆ ಸಾಲಿನ ಅರ್ಧದವರೆಗೆ ಎಲ್ಲ ಸರಿಯಿತ್ತು. ಒಂದು ಹೂವನ್ನೂ ನಾನು ನೋಯಿಸಲಿಲ್ಲ. ಹೊತ್ತು ಗುಡ್ಡದ ಹಿಂದೆ ಜಾರಿತು. ಚಪ್ಪರದ ಕೆಳಗೆ ಮಬ್ಬು. ಅಕ್ಕ ಬಿಡಿಸಿಟ್ಟ ಒಂದು ಹೂವಿಗೆ ಗಂಡುಹೂವು ಒಡ್ಡಿದೆ. ಒಳಗೆ ಬಾಯಿಯೇ ಇರಲಿಲ್ಲ. ಮೂರು ಹಾಲೆ ಇರಬೇಕಾದ ಕಡೆ ಹಸಿಗಾಯದಂಥ ಒಂದು ಚುಕ್ಕೆ, ಅದರಲ್ಲಿ ನೀರು ಜಿನುಗುತ್ತಿತ್ತು.

ನನ್ನ ಕೈ ನಿಂತಿತು. ಅಕ್ಕ ಆಗಲೇ ಮುಂದಿನ ಹೂವಿಗೆ ಹೋಗಿದ್ದಳು. ಅದರಲ್ಲೂ ಬಾಯಿ ಇರಲಿಲ್ಲ. ಅದರ ಮುಂದಿನದರಲ್ಲಿ ಇತ್ತು. ಆಮೇಲೆ ಮೂರರಲ್ಲಿ ಇರಲಿಲ್ಲ. ಏನಾಗುತ್ತಿದೆಯೆಂದು ನನಗೆ ತಿಳಿಯಿತು. ಅವಳ ಉಗುರು ಹತ್ತಿಯ ರೂಢಿಯಲ್ಲಿ ಒಳಗೆ ಇಳಿದು ಒಂದು ಸುತ್ತು ತಿರುಗುತ್ತಿತ್ತು. ತೆಗೆಯುವುದಕ್ಕೆ ಇಲ್ಲಿ ಗಂಡುಭಾಗವಿಲ್ಲ, ಹೆಣ್ಣಿನ ಬಾಯಿಯೇ ಕಿತ್ತು ಬರುತ್ತಿತ್ತು. ಹೊತ್ತು ಇಳಿದ ಮೇಲೆ ಅವಳ ಕಣ್ಣಿಗೆ ಅದು ಕಾಣುತ್ತಿರಲಿಲ್ಲ.

'ಅಕ್ಕಾ' ಎಂದು ಒಂದು ಮಾತು ಸಾಕಿತ್ತು. ಆಡಲಿಲ್ಲ. ನಲವತ್ತು ವರ್ಷ ಹತ್ತಿಯಲ್ಲಿ ಬೆರಳು ಸವೆಸಿದವಳಿಗೆ, ನನ್ನನ್ನು ಎಲ್ಲರೆದುರು ಎತ್ತಿ ನಿಲ್ಲಿಸಿದವಳಿಗೆ, ನಿನ್ನೆ ಬಂದ ನಾನು ತಪ್ಪು ತೋರಿಸುವುದೇ? ಬಾಯಿಲ್ಲದ ಹೂವುಗಳಿಗೂ ಪುಡಿ ಸವರಿದೆ. ಅವಕ್ಕೂ ದಾರ ಕಟ್ಟಿದೆ. ಮೂರು ಸಂಜೆ ಹೀಗೇ ನಡೆಯಿತು. ಮೂರು ಸಂಜೆಯೂ ನಾನು ತುಟಿ ಬಿಚ್ಚಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬೇರೆ ಜೋಡಿಗಳ ಸಾಲಿನಲ್ಲಿ ಎಳೆಗಾಯಿಗಳು ಹಸಿರೇರಿ ಉಬ್ಬಿದ್ದವು. ನಮ್ಮ ಸಾಲಿನ ತುದಿಯಲ್ಲಿ ಹಳದಿಗಟ್ಟಿ ಜೋತಿದ್ದವು. ಮುಟ್ಟಿದರೆ ಕೈಗೆ ಬರುತ್ತಿದ್ದವು. ದೊಡ್ಡವ್ವ ಕೋಲು ಊರಿಕೊಂಡು ಚಪ್ಪರದ ಕೆಳಗೆ ತಾವೇ ಬಂದರು. ಕೋಲಿನ ತುದಿಯಿಂದ ಒಂದು ಎಳೆಗಾಯಿ ತಟ್ಟಿ ಉದುರಿಸಿದರು.

"ನಾ ಹೇಳಿದ್ನಿಲ್ಲ? ಮದುವಿಮನ್ಯಾಗ ಇಂಥಾಕಿನ್ನ ಬಿಟ್ಕೊಂಡ್ರ ಆಗೋದು ಇದ."

ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದ ನೀರಿನ ಕೊಡವನ್ನು ಒಬ್ಬಳು ಸದ್ದಿಲ್ಲದೆ ಎತ್ತಿ ಆಚೆ ಇಟ್ಟಳು. ಯಜಮಾನರು ತಾಯಿಯ ಮುಖ ನೋಡಿ, ನನ್ನ ಮುಖ ನೋಡದೆ, "ಇವತ್ತಿಂದು ಇವತ್ತಿಗೆ ಮುಗೀಲಿ. ನಾಳಿಂದ ಆಕಿ ಬ್ಯಾಡ" ಎಂದರು. ಮಗ್ಗದವರ ಮಗಳು ನನ್ನ ತೋಳು ಹಿಡಿದು ಅಲುಗಿಸಿದಳು. "ನೀನರ ಏನರ ಹೇಳ್ಬೇ! ಕಲ್ಲು ನಿಂತಂಗ ನಿಂತೀಯಲ್ಲ?"

ಹೇಳಿದರೆ ಉಳಿಯುತ್ತಿದ್ದೆ. ಆಗ ಅಕ್ಕನ ಗುಂಪು ಹೋಗುತ್ತಿತ್ತು. ಕಣ್ಣಿಲ್ಲದವಳ ಹಿಂದೆ ಯಾವ ಹೆಂಗಸು ಬರುತ್ತಾಳೆ, ಯಾವ ಯಜಮಾನ ಕರೆಯುತ್ತಾನೆ? ನಾನು ಅಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಜಿಮ್ಮೇದಾರಿ ನಂದು ಎಂದವಳ ಬಾಯಿಂದ ಅಂದು ಬೆಳಿಗ್ಗೆ ಒಂದು ಶಬ್ದ ಹೊರಡಲಿಲ್ಲ. ಅಷ್ಟು ದಿನ ಅತ್ತಿರದ ನಾನು ಅದಕ್ಕೆ ಅತ್ತೆ. ಗೊಂಚಲು ಚಿವುಟುತ್ತ, ಬೆನ್ನು ಮಾಡಿಕೊಂಡು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಅಕ್ಕ ಉಣ್ಣಲು ಬರಲಿಲ್ಲ. ಉದುರಿದ ಎಳೆಗಾಯಿಗಳನ್ನು ಆಯ್ದು ಮಡಿಲಿಗೆ ಹಾಕಿಕೊಂಡು ಬದುವಿನ ಮೇಲೆ ಕುಳಿತಿದ್ದಳು. ಒಂದೊಂದನ್ನೇ ಎತ್ತಿ, ಒಣಗಿದ ಎಸಳು ಸರಿಸಿ, ತುದಿಯನ್ನು ತೋರುಬೆರಳಿನಿಂದ ಸವರಿ ನೋಡುತ್ತಿದ್ದಳು. ಬಹಳ ಹೊತ್ತು. ಆಮೇಲೆ ನನ್ನನ್ನು ಕರೆದಳು.

"ಸಾಲಿನ ತಲಿಗಿನ್ವು ನಿಂತಾವ. ತುದೀನ್ವು ಉದುರ್ಯಾವ. ಖರೆ ಹೌದಿಲ್ಲ?"

"ಹೌದಕ್ಕ."

"ನಿನ್ನ ಕೈ ಕೆಟ್ಟದ್ದಿದ್ರ ತಲಿಗಿನ್ವೂ ಉದುರಬೇಕಿತ್ತು. ಹೋಗು, ಇವತ್ತು ಅರಳೋ ಹೆಣ್ಣುಮೊಗ್ಗಿ ಒಂದು ತಗೊಂಡ್ ಬಾ."

ತಂದುಕೊಟ್ಟೆ. ಅವಳು ಸೆರಗನ್ನು ಕೈಮೇಲೆ ಹೊದ್ದು ನೆರಳು ಮಾಡಿಕೊಂಡಳು, ಸಂಜೆಯ ಮಬ್ಬಿನಷ್ಟು. ಎಸಳು ಬಿಡಿಸಿದಳು. ಉಗುರು ಒಳಗೆ ಇಳಿದು, ತಾನಾಗಿಯೇ, ಒಂದು ಸುತ್ತು ತಿರುಗಿತು. ಹೂವನ್ನು ನನ್ನ ಮುಂದೆ ಹಿಡಿದಳು.

"ಬಾಯಿ ಐತೇನ?"

ನಾನು ಬದುವಿನಾಚೆಯ ಹೆಂಗಸರ ಕಡೆ ನೋಡಿದೆ.

"ಐತೇನ ಅಂತ ಕೇಳ್ದೆ."

"ಇಲ್ಲಕ್ಕ."

ಅವಳು ಉಗುರನ್ನು ಕಣ್ಣಿನ ಹತ್ತಿರಕ್ಕೆ ತಂದಳು. ದೂರ ಹಿಡಿದಳು. ಮತ್ತೆ ಹತ್ತಿರ ತಂದಳು. ಕೊನೆಗೆ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ಉಗುರಿಗೆ ಅಂಟಿದ್ದ ಆ ಮೂರು ಹಾಲೆಗಳನ್ನು ಅವಳು ನಾಲಿಗೆಯಿಂದ ಕಂಡಳು. ಬದುವಿನಾಚೆ ಹೆಂಗಸರು ಬುತ್ತಿಯ ಗಂಟು ಕಟ್ಟುತ್ತಿದ್ದರು. ಅದನ್ನು ಉಗುಳಿ, ಕೈ ಕೊಡವಿ ಎದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹೇಳುವವಳಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ನಾನು ಇರುತ್ತಿರಲಿಲ್ಲ. ಅವಳು ಸಂಜೆಯ ಕೆಲಸಕ್ಕೆ ಬೇರೆಯವಳನ್ನು ಮುಂದಿಟ್ಟುಕೊಂಡು ಗುಂಪು ನಡೆಸಬಹುದಿತ್ತು.

ಅದನ್ನೆಲ್ಲ ಅವಳೂ ಯೋಚಿಸಿದಳೆಂದೇ ನನ್ನ ಎಣಿಕೆ. ಅಷ್ಟು ಹೊತ್ತು ಕುಳಿತಿದ್ದಳು. ನೆರಳು ಚಪ್ಪರದ ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಸರಿಯಿತು. ಆಮೇಲೆ ಮಡಿಲಿನ ಕಾಯಿಗಳನ್ನು ಹಾಗೇ ಹಿಡಿದುಕೊಂಡು ಎದ್ದಳು. "ಬ್ಯಾಡಕ್ಕ" ಎಂದೆ. ಅವಳು ತಿರುಗಿ ನೋಡಲಿಲ್ಲ.

ದೊಡ್ಡವ್ವನ ಮಂಚದ ಮುಂದೆ ಮಡಿಲು ಬಿಚ್ಚಿ ಎಳೆಗಾಯಿಗಳನ್ನೆಲ್ಲ ಸುರಿದಳು.

"ದೊಡ್ಡವ್ವ, ತಪ್ಪು ಆಕಿದಲ್ಲ. ನನ್ನ ಕಣ್ಣಿಂದು. ಎರಡು ವರ್ಷ ಆತು, ಹೊತ್ತು ಇಳಿದ್ರ ಎಲ್ಲಾ ಹೊಗಿ ಕಂಡಂಗ ಕಾಣ್ತೈತಿ. ಹತ್ತ್ಯಾಗ ಉಗುರು ದಾರಿ ಬಲ್ಲದು, ನಡೀತು. ಇಲ್ಲಿ ನಡೀಲಿಲ್ಲ. ಹೂವಿನ ಬಾಯಿ ಕಿತ್ತಾಕಿ ನಾನು. ಬಾಯಿಲ್ಲದ್ದಕ್ಕ ಆಕಿ ಏನ್ ಉಣಸ್ಯಾಳ್ರಿ?"

ಹೆಂಗಸರೆಲ್ಲ ಮಂಚದ ಸುತ್ತ ಬಂದು ನಿಂತರು. ಯಜಮಾನರು ಒಂದು ಕಾಯಿ ಎತ್ತಿ ತುದಿ ಸೀಳಿ ನೋಡಿದರು. ದೊಡ್ಡವ್ವ ಮಾತ್ರ ಬಿಡಲಿಲ್ಲ.

"ಕಣ್ಣಿಲ್ದಾಕಿ ಗುಂಪು ಹ್ಯಾಂಗ ನಡಸ್ತೀ ಮತ್ತ?"

"ನಡಸಂಗಿಲ್ರಿ. ಬಿಟ್ಟೆ."

ಮಗ್ಗದವರ ಮಗಳೇ ಮೊದಲು ಬಾಯಿ ತೆರೆದಳು. "ನೀ ಬಿಟ್ರ ನಮ್ಮನ್ನ ಬೈಯೋರು ಯಾರಕ್ಕ?"

"ಬೈಯಾಕ ಕಣ್ಣು ಯಾಕ ಬೇಕಬೇ ಬೋಸುಡಿ? ಹೊತ್ತು ಎಲ್ಲಿಗೆ ಬಂತು ನೋಡು, ಟೊಪ್ಪಿಗಿ ಹಾಕ್ರಿ ನಡೀರಿ!"

ಎಲ್ಲರೂ ಓಡಿದರು. ಯಾರ ತಪ್ಪೆಂದು ತೀರ್ಮಾನವಾಗಲಿ ಎಂದು ಹೀರೆಹೂವು ಕಾಯುವುದಿಲ್ಲ. ಆ ಸಂಜೆ ನಾನು ಒಬ್ಬಳೇ ಬಿಡಿಸಿ, ಒಬ್ಬಳೇ ಸವರಿ, ಒಬ್ಬಳೇ ಕಟ್ಟಿದೆ. ಬದುವಿನ ಮೇಲಿಂದ ಅಕ್ಕನ ಬೈಗುಳ ಎಲ್ಲ ಸಾಲಿಗೂ ಸಮನಾಗಿ ಬೀಳುತ್ತಿತ್ತು. ನಾಲ್ಕು ದಿನದ ಮೇಲೆ ಸಾಲಿನ ತುದಿಯ ಕಾಯಿಗಳು ಹಸಿರೇರಿ ನಿಂತವು. ದೊಡ್ಡವ್ವ ಮಾತು ಹಿಂದೆಗೆದುಕೊಂಡರೆಂದು ತಿಳಿಯಬೇಡಿ. ಆ ಬೆಳೆ ಮುಗಿಯುವವರೆಗೂ ನಾನು ಹಾದು ಹೋದರೆ ಮುಖ ತಿರುಗಿಸುತ್ತಿದ್ದರು. ನಾಳೆಯಿಂದ ಬೇಡವೆಂದು ಮಾತ್ರ ಯಾರೂ ಮತ್ತೆ ಹೇಳಲಿಲ್ಲ.

ಮರುದಿನ ಅಕ್ಕ ಬಂದಾಗ ಹೆಬ್ಬೆರಳಿನ ಉಗುರು ಕತ್ತರಿಸಿಕೊಂಡಿದ್ದಳು. ಆ ಬೆರಳು ಬೇರೆ ಯಾರದೋ ಎನಿಸುತ್ತಿತ್ತು. ಹಗಲ ಕೆಲಸ ಅವಳು ಬಿಡಲಿಲ್ಲ. ಗಂಡುಗೊಂಚಲು ಕೀಳುವುದಕ್ಕೆ ಕಣ್ಣು ಬೇಕಿಲ್ಲ. ಹೂವಿನ ಕೆಳಗೆ ಬೆರಳಾಡಿಸಿದರೆ ಸಾಕು, ಕಾಯಿ ತಾಕಿದರೆ ಹೆಣ್ಣು, ಬರಿಯ ಕಡ್ಡಿಯಾದರೆ ಗಂಡು. "ಕೂಸಿದ್ದಾಕಿನ್ನ ಬಿಡು, ಕಟ್ಟಿ ಮ್ಯಾಲಿನ ಸೋಮಾರಿಗಳನ್ನ ಕಿತ್ತೊಗಿ" ಎಂದುಕೊಳ್ಳುತ್ತ ನಮ್ಮೆಲ್ಲರಿಗಿಂತ ಮುಂದೆ ಹೋಗುತ್ತಿದ್ದಳು. ಗುಂಪು ನಿಧಾನವಾಗಿ ನನ್ನ ಕೈಗೆ ಬಂತು. ಕೊಟ್ಟೆನೆಂದು ಅವಳು ಹೇಳಲಿಲ್ಲ, ತೆಗೆದುಕೊಂಡೆನೆಂದು ನಾನೂ ಹೇಳಲಿಲ್ಲ. ಯಜಮಾನರ ಜೊತೆ ಮಾತಾಡುವಾಗ ಅವಳು ನನ್ನ ಹಿಂದೆ ನಿಂತು ಬೆನ್ನಿಗೆ ತಿವಿಯುತ್ತಿದ್ದಳು, "ಜೋರ ಮಾತಾಡ್ಬೇ, ಇಲಿ ಕಿರಗುಟ್ಟಿದಂಗ ಬ್ಯಾಡ" ಎಂದು.

ಕಣ್ಣಿನ ಆಪರೇಷನ್ ಮಾಡಿಸೋಣವೆಂದು ನಾರಾಯಣಪೇಟೆಗೆ ಕರೆದುಕೊಂಡು ಹೋದೆವು. ಒಂದು ಕಣ್ಣು ಸ್ವಲ್ಪ ತೆರೆಯಿತು, ಇನ್ನೊಂದಕ್ಕೆ ಹೊತ್ತು ಮೀರಿತ್ತು. ಆಮೇಲೂ ನಾಲ್ಕು ಬೆಳೆ ನಮ್ಮೊಡನೆ ಬಂದಳು. ಹೋದ ವರ್ಷ ಚಳಿಗಾಲದಲ್ಲಿ ಎದೆ ಕಟ್ಟಿತು. ಮಲಗಿದವಳು ಏಳಲಿಲ್ಲ. ಕೊನೆಯ ವಾರ ನಾನು ದಿನಾ ಹೋಗಿ ಗಂಜಿ ಕುಡಿಸುತ್ತಿದ್ದೆ. ಒಂದು ದಿನ, ಇಷ್ಟು ವರ್ಷ ಒಳಗೇ ಕೊಳೆಯುತ್ತಿದ್ದ ಮಾತನ್ನು ಹೇಳಿದೆ.

"ಅಕ್ಕ, ನೀ ಬಾಯಿ ಕೀಳೋದು ನಾ ಮೊದಲ್ನೇ ಸಂಜಿನ ನೋಡಿದ್ದೆ. ಹೇಳ್ಲಿಲ್ಲ."

ಅವಳು ಗುಟುಕು ನುಂಗಿದಳು.

"ಗೊತ್ತೈತಿ. ಹಿಂದ ನಿನ್ನ ಕೈ ನಿಂತು ನಿಂತು ಬರ್ತಿತ್ತು. ಕಾಣದಿದ್ರೂ ಕೇಳಸ್ತಿತ್ತು. ಯಾಕ ನಿಂತಿ ಅಂತ ನಾನೂ ಕೇಳ್ಲಿಲ್ಲ. ಕೇಳಿದ್ರ ನೀ ಹೇಳಿಬಿಡ್ತಿ ಅಂತ ಅಂಜಿಕಿ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಇಬ್ರೂ ಬಾಯಿ ಮುಚ್ಚಿಕೊಂಡ್ವಿ. ಬೈಸಿಕೊಂಡಾಕಿ ನೀ ಒಬ್ಬಾಕಿ."

ಆ ನಾಲ್ಕನೆಯ ದಿನ ಬೆಳಿಗ್ಗೆ ಅವಳು ಯಾಕೆ ನೆಲ ನೋಡುತ್ತಿದ್ದಳೆಂದು ನನಗೆ ಅಂದು ಅರ್ಥವಾಯಿತು. ಅರ್ಥವಾದ ಮೇಲೂ ಅವಳ ಮೇಲಿನ ನನ್ನ ಪ್ರೀತಿ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಅಂಜಿದವಳು ಮಧ್ಯಾಹ್ನಕ್ಕೆ ಎದ್ದು ನಡೆದಳು. ನಾನು ಆರು ವರ್ಷಕ್ಕೆ ಎದ್ದೆ.

ಎರಡು ದಿನದ ಮೇಲೆ ಬೆಳಗಿನ ಜಾವ ಹೋದಳು. ಅವರ ಪದ್ಧತಿಯಂತೆ ಭಂಡಾರ ಹಾರಿಸಿ ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡಿದರು. ಗುಂಪಿನ ಹೆಂಗಸರೆಲ್ಲ ಅಲ್ಲಿದ್ದೆವು, ಕೈ ಮುಖ ಎಲ್ಲ ಅರಿಶಿನ. ಅಂದು ಸಂಜೆ ಅರಳುವ ಹೀರೆಮೊಗ್ಗುಗಳಿಗೆ ಇನ್ನೂ ಟೊಪ್ಪಿಗೆ ಹಾಕಬೇಕಿತ್ತು. ಸ್ನಾನ ಮಾಡಿ ಹೊಲಕ್ಕೆ ಹೋದೆವು. ಟೊಪ್ಪಿಗೆ ಹಾಕಿದ್ದಾಯಿತು. ಸಂಜೆ ಸಾಲಿಗೆ ಇಳಿಯುವ ಮೊದಲು ಎಲ್ಲರನ್ನೂ ನಿಲ್ಲಿಸಿದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿ ಹೊರಟಿತು.

"ಒಳಗ ಬಾಯಿಲ್ಲದ ಹೂವು ಕಂಡ್ರ ಒದರ್ರಿ. ಯಾರ ತಪ್ಪಾದ್ರೂ ಇರ್ಲಿ, ಅಲ್ಲೇ ಒದರ್ರಿ. ನಂದಾದ್ರೂ."

ತಲೆಯಾಡಿಸಿ ಸಾಲು ಹಿಡಿದರು. ಹೊತ್ತು ಇಳಿಯುತ್ತಿತ್ತು, ಒಂದರ ಹಿಂದೆ ಒಂದು ಹೂವು ಬಿಚ್ಚಿಕೊಳ್ಳುತ್ತಿತ್ತು. ನಾನು ಹತ್ತು ಹೂವು ದಾಟಿದ್ದೆನೋ ಇಲ್ಲವೋ, ಆ ವರ್ಷವೇ ಗುಂಪಿಗೆ ಸೇರಿದವಳು, ನನ್ನಂತೆಯೇ ಬಾಯಿ ಬಾರದವಳು, ಹಿಂದಿನಿಂದ ಕೂಗಿದಳು.

"ಯಕ್ಕಾ, ಬಾ ಇಲ್ಲಿ. ಇದು ನೀ ಕಟ್ಟಿದ್ದು. ದಾರ ಸಡ್ಲ ಐತಿ."

ಹೋಗಿ ನೋಡಿದೆ. ಸಡಿಲವೇ ಇತ್ತು. ಬಿಚ್ಚಿ ಮತ್ತೆ ಕಟ್ಟಿದೆ.